ಎದ್ದು ಹೋದವರು ಯಾವಾಗ ಹೋದರು? ಜ್ಯಾಂಗೊದಲ್ಲಿ ಸೆಷನ್ ಲೆಕ್ಕ ಇಡುವ ಬಗೆ

ಒಂದು ಕಚೇರಿಯ ವರದಿಯಲ್ಲಿ ಗುಮಾಸ್ತರೆಲ್ಲ ಹದಿನಾಲ್ಕು ದಿನ ಎಡೆಬಿಡದೆ ದುಡಿದು, ನಡುರಾತ್ರಿ ಎರಡು ಗಂಟೆಗೆ ಲಾಗ್‌ಔಟ್ ಆಗಿದ್ದರು! ಆ ಹೊತ್ತಿಗೆ ನಿಜವಾಗಿ ಓಡುತ್ತಿದ್ದದ್ದು ಹಳೇ ಸೆಷನ್‌ಗಳನ್ನು, ಅಂದರೆ ಲಾಗಿನ್ ಆದವರನ್ನು ಗುರುತಿಡಲು ಸರ್ವರ್ ಇಟ್ಟುಕೊಳ್ಳುವ ದಾಖಲೆಗಳನ್ನು, ಗುಡಿಸುವ ಕ್ರಾನ್ ಕೆಲಸ (ಗೊತ್ತುಮಾಡಿದ ಹೊತ್ತಿಗೆ ತಾನಾಗಿ ಓಡುವಂಥದ್ದು). ಡೇಟಾಬೇಸಿನಲ್ಲಿ ಸಾಲು ಅಳಿದ ಹೊತ್ತನ್ನೇ ಮನುಷ್ಯ ಎದ್ದುಹೋದ ಹೊತ್ತು ಎಂದು ಬರೆದುಕೊಂಡಿದ್ದರು. ಹದಿನಾಲ್ಕು ದಿನ ಬಂದದ್ದು ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟಾದ ಜ್ಯಾಂಗೊದಿಂದ: ನಾವೇನೂ ಹೇಳದಿದ್ದರೆ ಅದು ಸೆಷನ್‌ಗೆ ಕೊಡುವ ಆಯಸ್ಸು 12,09,600 ಸೆಕೆಂಡು. ಇದೇ ಎಡವಟ್ಟನ್ನು ಬೇರೆ ಕಡೆಯೂ ನೋಡಿದ್ದೇನೆ.

ಮೊದಲು, ನಿಮ್ಮದೇ ಒಂದು ಟೇಬಲ್ ಮಾಡಿ: ಬಳಕೆದಾರ, ಶುರುವಾದ ಹೊತ್ತು, ಕೊನೆಗೆ ಕಂಡ ಹೊತ್ತು, ಮುಗಿದ ಹೊತ್ತು, ಕಾರಣ. ಅದನ್ನು ಜ್ಯಾಂಗೊದ ಸೆಷನ್ ಟೇಬಲ್‌ಗೆ ಫಾರಿನ್ ಕೀ (ಒಂದು ಟೇಬಲ್‌ನ ಸಾಲನ್ನು ಇನ್ನೊಂದರ ಸಾಲಿಗೆ ಜೋಡಿಸುವ ಕೊಂಡಿ) ಹಾಕಿ ಕಟ್ಟಬೇಡಿ. ಅಲ್ಲಿ ಸಾಲು ಅಳಿದರೆ ಇಲ್ಲಿಯದೂ ಅಳಿಯುವ ಕ್ಯಾಸ್ಕೇಡ್ ಇಟ್ಟಿದ್ದರೆ ಗುಡಿಸುವ ದಿನ ನಿಮ್ಮ ಚರಿತ್ರೆಯೂ ಕಸದ ಜೊತೆ ಹೋಗುತ್ತದೆ. ಸೆಷನ್ ಕೀಯನ್ನೂ ನಕಲು ಮಾಡಿಡಬೇಡಿ, ಅದು ಮನೆ ಬೀಗದ ಕೈ. ಬದಲಿಗೆ ಒಂದು ಯುಯುಐಡಿ (ಇನ್ನೊಂದರ ಜೊತೆ ಬೆರೆಯದ ಗುರುತಿನ ಸಂಖ್ಯೆ) ಹುಟ್ಟಿಸಿ, ಸೆಷನ್ ಒಳಗೂ ಟೇಬಲ್‌ನಲ್ಲೂ ಅದನ್ನೇ ಇಡಿ.

ಎರಡನೆಯದು ಸುಲಭ. ಲಾಗಿನ್ ಮತ್ತು ಲಾಗ್‌ಔಟ್ ಆದಾಗ ಜ್ಯಾಂಗೊ ಕಳಿಸುವ ಸಿಗ್ನಲ್‌ಗಳಿಗೆ ರಿಸೀವರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಬರೆಯಿರಿ. ಆ ಫೈಲನ್ನು ಆಪ್ ಶುರುವಾಗುವಾಗ ಓಡುವ, ಆಪ್ ಕಾನ್ಫಿಗ್‌ನ ರೆಡಿ ಮೆಥಡ್‌ನಲ್ಲಿ ಇಂಪೋರ್ಟ್ ಮಾಡಿ. ಸಿಗ್ನಲ್ ಬರ್ತಾನೇ ಇಲ್ಲ ಅನ್ನುವವರು ಸಾಮಾನ್ಯವಾಗಿ ಮರೆತಿರುವುದು ಇದನ್ನೇ. ಲಾಗ್‌ಔಟ್ ಸಿಗ್ನಲ್ ಬರುವುದು ಸೆಷನ್ ಖಾಲಿಯಾಗುವ ಮುಂಚೆ, ಹಾಗಾಗಿ ಯುಯುಐಡಿ ಇನ್ನೂ ಕೈಯಲ್ಲಿರುತ್ತದೆ.

ಮೂರನೆಯದರಲ್ಲೇ ಎಲ್ಲರೂ ಮುಗ್ಗರಿಸುವುದು. ಲಾಗ್‌ಔಟ್ ಒತ್ತಿ ಹೋಗುವವರು ಎಷ್ಟು ಮಂದಿ? ಉಳಿದವರು ಲ್ಯಾಪ್‌ಟಾಪ್ ಮಡಚಿ ಬಸ್ ಹಿಡಿಯುತ್ತಾರೆ. ಸೆಷನ್ ಆಯಸ್ಸು ತೀರಿದಾಗ ಜ್ಯಾಂಗೊ ಯಾವ ಸಿಗ್ನಲ್ಲನ್ನೂ ಕಳಿಸುವುದಿಲ್ಲ. ಪಾಸ್‌ವರ್ಡ್ ಬದಲಾದಾಗ ಬೇರೆ ಬ್ರೌಸರ್‌ಗಳ ಲಾಗಿನ್ ಬಿದ್ದುಹೋಗುವುದೂ ಸದ್ದಿಲ್ಲದೆಯೇ. ಆದ್ದರಿಂದ ಕೊನೆಗೆ ಕಂಡ ಹೊತ್ತನ್ನು ನೀವೇ ಬರೆಯುತ್ತಾ ಹೋಗಬೇಕು. ಅದಕ್ಕೊಂದು ಮಿಡಲ್‌ವೇರ್ (ಪ್ರತಿ ರಿಕ್ವೆಸ್ಟ್ ಹಾದುಹೋಗುವ ಕೋಡ್) ಬರೆದು, ಸೆಷನ್ ಮತ್ತು ಅಥೆಂಟಿಕೇಶನ್ ಮಿಡಲ್‌ವೇರ್‌ಗಳ ಕೆಳಗೆ ಸೇರಿಸಿ.

ಪ್ರತಿ ರಿಕ್ವೆಸ್ಟ್‌ಗೂ ಡೇಟಾಬೇಸಿಗೆ ಬರೆದರೆ ಸರ್ವರ್ ಏದುಸಿರು ಬಿಡುತ್ತದೆ. ಐದು ನಿಮಿಷಕ್ಕೊಮ್ಮೆ ಸಾಕು. ಕೊನೆಗೆ ಯಾವಾಗ ಬರೆದೆವು ಅನ್ನುವುದನ್ನು ಸೆಷನ್ ಒಳಗೇ ಇಡೋಣ ಅನ್ನಿಸುತ್ತದೆ, ಇಡಬೇಡಿ. ಸೆಷನ್ ಬದಲಾದರೆ ಜ್ಯಾಂಗೊ ಅದನ್ನು ಮತ್ತೆ ಉಳಿಸುತ್ತದೆ, ಉಳಿಸಿದಾಗ ಆಯಸ್ಸೂ ಮುಂದಕ್ಕೆ ಹೋಗುತ್ತದೆ. ಅಳೆಯಲು ಹೋದವರು ಅಳೆಯುವ ವಸ್ತುವನ್ನೇ ಎಳೆದು ಉದ್ದ ಮಾಡಿದಂತೆ. ಬದಲಿಗೆ ಕ್ಯಾಶ್‌ನ (ಸ್ವಲ್ಪ ಹೊತ್ತು ನೆನಪಿಡುವ ಜಾಗದ) ಆಡ್ ಮೆಥಡ್‌ಗೆ ಯುಯುಐಡಿ ಮತ್ತು 300 ಸೆಕೆಂಡು ಕೊಡಿ. ಆ ಯುಯುಐಡಿ ಅಲ್ಲಿ ಆಗಲೇ ಇಲ್ಲದಿದ್ದರೆ ಅದು ಟ್ರೂ ಅನ್ನುತ್ತದೆ, ಆಗ ಮಾತ್ರ ಡೇಟಾಬೇಸಿಗೆ ಬರೆಯಿರಿ.

ನೋಟಿಫಿಕೇಶನ್ ಬಂತೇ ಎಂದು ಪುಟ ತಾನಾಗಿ ಅರ್ಧ ನಿಮಿಷಕ್ಕೊಮ್ಮೆ ಕೇಳುತ್ತಿದ್ದರೆ ಆ ಯುಆರ್‌ಎಲ್ ಅನ್ನು ಈ ಲೆಕ್ಕದಿಂದ ಹೊರಗಿಡಿ. ಇಲ್ಲದಿದ್ದರೆ ಯಾರೂ ಇಲ್ಲದ ಕುರ್ಚಿಯೂ ರಾತ್ರಿಯಿಡೀ ದುಡಿಯುತ್ತದೆ.

ಬ್ರೌಸರ್ ಮುಚ್ಚುವಾಗ ಜಾವಾಸ್ಕ್ರಿಪ್ಟ್‌ನಿಂದ ಒಂದು ಸುದ್ದಿ ಕಳಿಸುವ ಅಡ್ಡದಾರಿಯನ್ನು ನಂಬಬೇಡಿ. ಫೋನಿನಲ್ಲಿ ಆಪ್ ಸರಿಸಿ ಎಸೆದರೆ ಆ ಸುದ್ದಿ ಹೊರಡದೇ ಇರಬಹುದು. ಬ್ರೌಸರ್ ಮುಚ್ಚಿದರೆ ಸೆಷನ್ ಮುಗಿಸುವ ಸೆಟ್ಟಿಂಗ್ ಕೂಡ ಗಟ್ಟಿಯಲ್ಲ: ಬಿಟ್ಟಲ್ಲಿಂದ ಮುಂದುವರಿಸು ಎಂದು ಕ್ರೋಮ್‌ಗೆ ಹೇಳಿಟ್ಟವರ ಕುಕಿ (ಬ್ರೌಸರ್ ಇಟ್ಟುಕೊಳ್ಳುವ ಸೆಷನ್ ಗುರುತು) ಮರುದಿನವೂ ಬದುಕಿರುತ್ತದೆ.

ನಾಲ್ಕನೆಯದಾಗಿ, ಕಾಲು ಗಂಟೆಗೊಮ್ಮೆ ಓಡುವ ಒಂದು ಕೆಲಸ. ಅರ್ಧ ಗಂಟೆಯಿಂದ ಕಾಣದ ಸಾಲುಗಳನ್ನು ಮುಚ್ಚಿ. ಮುಗಿದ ಹೊತ್ತಾಗಿ ಕೊನೆಗೆ ಕಂಡ ಹೊತ್ತನ್ನೇ ಬರೆಯಿರಿ, ಕೆಲಸ ಓಡಿದ ಹೊತ್ತನ್ನಲ್ಲ. ಊಟ ಮುಗಿಸಿ ಮರಳಿದವರಿಗೆ ಹೊಸ ಯುಯುಐಡಿ, ಹೊಸ ಸಾಲು. ಮುಚ್ಚಿದ್ದನ್ನು ಮತ್ತೆ ತೆರೆಯುವುದು ನನಗೆ ಒಪ್ಪಿಗೆಯಿಲ್ಲ, ನಿನ್ನೆ ಕೊಟ್ಟ ವರದಿ ಇವತ್ತು ಬದಲಾಗಿಬಿಡುತ್ತದೆ.

ಹಳೇ ಸೆಷನ್ ಗುಡಿಸುವ ಕ್ಲಿಯರ್‌ಸೆಷನ್ಸ್ ಕಮಾಂಡ್ ರಾತ್ರಿ ಓಡುತ್ತಿರಲಿ, ಅವಧಿ ಮೀರಿದ ಸಾಲುಗಳನ್ನು ಜ್ಯಾಂಗೊ ತಾನಾಗಿ ತೆಗೆಯುವುದಿಲ್ಲ. ಇನ್ನು, ಟೈಮ್‌ಝೋನ್ ಬೆಂಬಲ ಚಾಲೂ ಇದ್ದರೆ ಸಾಮಾನ್ಯವಾಗಿ ಡೇಟಾಬೇಸಿನಲ್ಲಿ ಕೂರುವುದು ಯುಟಿಸಿ ಸಮಯ, ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ನೇರವಾಗಿ ಎಸ್‌ಕ್ಯೂಎಲ್‌ನಲ್ಲಿ ವರದಿ ತೆಗೆದರೆ ಸಂಜೆ 5:30ಕ್ಕೆ ಎದ್ದವರು ಮಧ್ಯಾಹ್ನ 12 ಗಂಟೆಗೇ ಜಾಗ ಖಾಲಿ ಮಾಡಿದಂತೆ ಕಾಣುತ್ತಾರೆ.