ಒಣ ಬಿಸಿಲಿನ ಊರಲ್ಲಿ ಬೇಸಿಗೆ ಕಳೆಯುವ ಬಗೆ

ನಮ್ಮ ದಾವಣಗೆರೆ, ಚಿತ್ರದುರ್ಗದ ಬೇಸಿಗೆಯೇ ಬೇರೆ, ಮಂಗಳೂರಿನ ಬೇಸಿಗೆಯೇ ಬೇರೆ. ಅಲ್ಲಿ ಮೈಯೆಲ್ಲ ಅಂಟು ಅಂಟು, ರಾತ್ರಿಯಾದರೂ ಸೆಕೆ ಬಿಡುವುದಿಲ್ಲ. ನಮ್ಮದು ಒಣ ಬಿಸಿಲು. ಏಪ್ರಿಲ್‌ನಲ್ಲಿ 38, 39 ಡಿಗ್ರಿ ಮಾಮೂಲು, ಕೆಲವು ವರ್ಷ 40 ದಾಟಿದ್ದೂ ಉಂಟು. ಆದರೆ ಒಗೆದು ಹರವಿದ ಸೀರೆ ನೋಡನೋಡುತ್ತ ಒಣಗಿ ಗರಿಗರಿ ಆಗುತ್ತದೆ. ನಡುರಾತ್ರಿ ಕಳೆದ ಮೇಲೆ ಗಾಳಿಯೂ ತಂಪಾಗುತ್ತದೆ. ಇವೆರಡೇ ನಮಗಿರುವ ಅನುಕೂಲ. ನೀರು ಬೇಗ ಆರುತ್ತದೆ, ಆರುವಾಗ ತಂಪು ಕೊಡುತ್ತದೆ. ರಾತ್ರಿ ಹೊರಗಿನ ಗಾಳಿ ಮನೆಗಿಂತ ತಂಪಾಗಿರುತ್ತದೆ. ನಾನು ಹೇಳುವ ಉಪಾಯಗಳಲ್ಲಿ ಹೆಚ್ಚಿನವು ಇದರ ಮೇಲೆಯೇ ನಿಂತಿವೆ. ಮಂಗಳೂರಿನಲ್ಲಿರುವ ಮಗಳಿಗೆ ಇದನ್ನೆಲ್ಲ ಹೇಳಿದರೆ, “ಅವ್ವಾ, ಇಲ್ಲಿ ಹಸಿ ಟವೆಲ್ ಬೆಳಗಾದರೂ ಹಸಿಯಾಗೇ ಇರುತ್ತೆ” ಅನ್ನುತ್ತಾಳೆ. ಅವಳು ಹೇಳೋದೂ ನಿಜ.

ಮೊದಲು ಕಿಟಕಿ ವಿಷಯ. ಸುಮಾರು ಮನೆಗಳಲ್ಲಿ ಇದು ತಿರುಗಾಮುರುಗ ನಡೆಯುತ್ತದೆ. ಗಾಳಿ ಬರಲಿ ಅಂತ ಮಧ್ಯಾಹ್ನವೆಲ್ಲ ತೆರೆದಿಡುತ್ತಾರೆ, ರಾತ್ರಿ ಸೊಳ್ಳೆ ಅಂತ ಮುಚ್ಚುತ್ತಾರೆ. ಮಧ್ಯಾಹ್ನ ಬರುವುದು ಗಾಳಿಯಲ್ಲ, ಝಳ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಿಟಕಿ ಮುಚ್ಚಿ, ಪರದೆ ಎಳೆದುಬಿಡಿ. ಸಂಜೆ ಅಂಗಳದಲ್ಲಿ ನಿಂತು ನೋಡಿ, ಒಳಗಿಗಿಂತ ಹೊರಗೇ ಹಿತ ಅನ್ನಿಸಿದಾಗ ತೆರೆಯಿರಿ. ಆಮೇಲೆ ಬೆಳಗಿನವರೆಗೂ ತೆರೆದೇ ಇರಲಿ. ಸೊಳ್ಳೆಗೆ ಜಾಲರಿ ಹಾಕಿಸಿ. ಕೂಲರ್‌ಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಜಾಲರಿಗೆ ಹಾಕಿದರೆ ಹೆಚ್ಚು ಲಾಭ.

ಪರದೆ ಒಳಗೆ ಕಟ್ಟುವುದಕ್ಕಿಂತ ಹೊರಗೆ ನೆರಳು ಮಾಡುವುದು ಲೇಸು. ಬಿಸಿಲು ಗಾಜು ದಾಟಿ ಒಳಗೆ ಬಂತು ಅಂದರೆ ಮುಗಿಯಿತು, ಪರದೆ ಕಾಯುತ್ತದೆ, ಪರದೆ ಕಾದರೆ ಕೋಣೆಯೂ ಕಾಯುತ್ತದೆ. ಪಡುವಣ ಗೋಡೆಯೇ ನಮ್ಮ ದೊಡ್ಡ ವೈರಿ. ಮೂರರಿಂದ ಆರರವರೆಗೆ ಬಿಸಿಲು ಕುಡಿದು ರಾತ್ರಿಯೆಲ್ಲ ಕಕ್ಕುತ್ತದೆ. ಆ ಕಡೆ ಕಿಟಕಿಯ ಹೊರಗೆ ಬಿದಿರಿನ ಚಾಪೆಯೋ ಹಸಿರು ನೆಟ್ಟೋ ಕಟ್ಟಿ. ಜಾಗ ಇದ್ದರೆ ಒಂದು ಹೊಂಗೆ ಗಿಡ ನೆಡಿ. ನಮ್ಮ ಬರದ ನೆಲಕ್ಕೂ ಬಗ್ಗುವ ಮರವಲ್ಲ ಅದು. ಉಳಿದ ಮರಗಳು ಒಣಗಿ ನಿಂತಿರುವ ಹೊತ್ತಿನಲ್ಲಿ ಹೊಸ ಚಿಗುರು ತಳೆದು ನೆರಳು ಕೊಡುತ್ತದೆ.

ಮಾಡಿನ ಮಾತಿಗೆ ಬರೋಣ. ಹಳೇ ಮಾಳಿಗೆ ಮನೆಗಳಲ್ಲಿ ಮರದ ತೊಲೆ, ಅದರ ಮೇಲೆ ಗೇಣುದ್ದ ಮಣ್ಣು. ಬಿಸಿಲು ಆ ಮಣ್ಣು ದಾಟಿ ಕೆಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಈಗಿನ ತಾರಸಿ ನಾಲ್ಕೈದು ಇಂಚಿನ ಕಾಂಕ್ರೀಟು. ಹಗಲೆಲ್ಲ ಕಾದು ಸಂಜೆಯಿಂದ ಕೆಳಗೆ ಇಳಿಸುತ್ತದೆ. ಊಟ ಮುಗಿಸಿ ಮಲಗಲು ಹೋದಾಗ ಮೇಲಿನ ಕೋಣೆ ಭಟ್ಟಿ ಆಗಿರುವುದು ಅದಕ್ಕೇ. ಇದಕ್ಕೆ ಅಗ್ಗದ ಮದ್ದು ಸುಣ್ಣ. ಶಿವರಾತ್ರಿ ಹೊತ್ತಿಗೆ ತಾರಸಿ ಗುಡಿಸಿ ತೊಳೆದು, ಸಂಜೆ ಹೊತ್ತಲ್ಲಿ ನೆಲ ಒದ್ದೆ ಮಾಡಿಕೊಂಡು ಎರಡು ಮೂರು ಕೈ ಬಳಿಯಿರಿ. ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿದರೆ ಬೇಗ ಉದುರುವುದಿಲ್ಲ. ಸುಟ್ಟ ಸುಣ್ಣದ ಕಲ್ಲು ನೀರಿಗೆ ಹಾಕಿದಾಗ ಕೊತಕೊತ ಕುದಿಯುತ್ತದೆ, ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಬಳಿದಾದ ಮೇಲೂ ವಾರಕ್ಕೊಮ್ಮೆ ಧೂಳು ಗುಡಿಸಬೇಕು. ಕೆಂಧೂಳು ಕೂತ ಸುಣ್ಣ ಬಿಸಿಲನ್ನು ವಾಪಸ್ ಕಳಿಸುವುದಿಲ್ಲ. ಮಳೆನೀರು ಹಿಡಿದು ಕುಡಿಯಲು ಬಳಸುವವರು ಮಾತ್ರ ಇದನ್ನು ಮಾಡಬೇಡಿ.

ತಗಡಿನ ಮನೆಯವರ ಕಷ್ಟ ಇನ್ನೂ ಜಾಸ್ತಿ. ತಗಡಿನ ಮೇಲೆ ತೆಂಗಿನ ಗರಿ ಹಾಸಿ, ಗಾಳಿಗೆ ಹಾರದಂತೆ ಹಗ್ಗ ಬಿಗಿಯಿರಿ. ಚನ್ನಗಿರಿ ಕಡೆಯವರಿಗೆ ಅಡಿಕೆ ಸೋಗೆ ಸುಲಭವಾಗಿ ಸಿಗುತ್ತದೆ. ಒಳಗೆ ತಗಡಿನಿಂದ ಒಂದು ಅಡಿ ಕೆಳಗೆ ಚಾಪೆಯನ್ನೋ ಹಳೇ ಸೀರೆಯನ್ನೋ ಅಡ್ಡ ಕಟ್ಟಿ, ನಡುವೆ ಗಾಳಿ ಆಡುವಂತಿರಲಿ. ಒಲೆ ಉರಿಯುವ ಜಾಗದ ಮೇಲೆ ಮಾತ್ರ ಗರಿಯೂ ಬೇಡ, ಸೀರೆಯೂ ಬೇಡ.

ಇನ್ನು ಮಣ್ಣಿನ ಗಡಿಗೆ. ಇದರ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಈಗ ಅಂಗಡಿಗಳಲ್ಲಿ ಬಣ್ಣ ಹಚ್ಚಿದ, ಮಿರಮಿರ ಮಿಂಚುವ ಗಡಿಗೆಗಳೇ ಕಾಣುತ್ತವೆ. ಅವು ನೋಡೋಕೆ ಚೆಂದ, ಅಷ್ಟೇ. ಗಡಿಗೆಯ ಮೈಯಲ್ಲಿರುವ ಸಣ್ಣ ಸಣ್ಣ ತೂತುಗಳಿಂದ ನೀರು ಜಿನುಗಿ ಆರಿದರೆ ತಾನೇ ಒಳಗಿನ ನೀರು ತಣ್ಣಗಾಗುವುದು? ಬಣ್ಣ ಆ ತೂತುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಬರಿ ಮಣ್ಣಿನದೇ ಕೊಳ್ಳಿ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಟಣ್ ಅಂದರೆ ಚೆನ್ನಾಗಿ ಬೆಂದಿದೆ, ಬದ್ದ ಬದ್ದ ಅಂದರೆ ಸೀಳಿದೆ. ತಂದ ದಿನ ರಾತ್ರಿಯೆಲ್ಲ ನೀರಲ್ಲಿ ಮುಳುಗಿಸಿಡಿ. ಮೊದಲ ಎರಡು ದಿನದ ನೀರು ಗಿಡಕ್ಕೆ. ಆಮೇಲೆ ಮಣ್ಣಿನ ಗಮಲು ಇಳಿಯುತ್ತದೆ. ಗಾಳಿ ಆಡುವ ನೆರಳಿನ ಮೂಲೆಯಲ್ಲಿ ಒಂದು ತಟ್ಟೆಗೆ ಮರಳು ಹಾಕಿ, ಒದ್ದೆ ಮಾಡಿ, ಅದರ ಮೇಲೆ ಗಡಿಗೆ ಕೂರಿಸಿ. ಅಡುಗೆ ಮನೆಯ ಮುಚ್ಚಿದ ಕಪಾಟಿನಲ್ಲಿ ಇಟ್ಟರೆ ಏನೂ ಪ್ರಯೋಜನ ಇಲ್ಲ. ತೊಳೆಯುವಾಗ ಸೋಪು ಬೇಡ, ಎಣ್ಣೆ ಕೈ ಮುಟ್ಟಿಸಬೇಡಿ, ತೆಂಗಿನ ನಾರು ಸಾಕು. ನಮ್ಮ ಕಡೆ ಬೋರಿನ ನೀರು ಗಡಸು. ವರ್ಷ ಕಳೆಯುವಷ್ಟರಲ್ಲಿ ಹೊರಮೈಯಲ್ಲಿ ಬೆಳ್ಳಗೆ ಉಪ್ಪು ಕಟ್ಟುತ್ತದೆ, ಗಡಿಗೆ ಬೆವರುವುದು ನಿಲ್ಲುತ್ತದೆ. ಅದಕ್ಕೆ ಯುಗಾದಿಗೆ ಹೊಸದು ತಂದು, ಹಳೆಯದರಲ್ಲಿ ತುಳಸಿ ಹಾಕಿಬಿಡಿ.

ಕೂಲರ್‌ನದೂ ಇದೇ ಲೆಕ್ಕ, ನೀರು ಆರಬೇಕು. ಕಿಟಕಿ ಬಾಗಿಲು ಭದ್ರ ಮಾಡಿ ಕೂಲರ್ ಹಾಕುವವರನ್ನು ಕಂಡರೆ ನನಗೆ ನಗು ಬರುತ್ತದೆ. ಕೂಲರ್ ಕಿಟಕಿ ಹತ್ತಿರ ಇರಲಿ, ಎದುರಿನ ಬಾಗಿಲೋ ಕಿಟಕಿಯೋ ಒಂದಿಷ್ಟು ತೆರೆದಿರಲಿ. ಒಳಗಿನ ತೇವ ಹೊರಗೆ ಹೋಗದಿದ್ದರೆ ಗಂಟೆಯೊಳಗೆ ಮೈ ಜಿಗುಟು. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ಉಜ್ಜಿ ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿ ನೀರಲ್ಲೇ. ಕೂಲರ್ ಇಲ್ಲದವರು ತೆಳು ಬಟ್ಟೆಯನ್ನೋ ಗೋಣಿಚೀಲವನ್ನೋ ಒದ್ದೆ ಮಾಡಿ, ಸಂಜೆ ಕಿಟಕಿ ತೆರೆದಾಗ ಗಾಳಿ ಬರುವ ಕಡೆ ಕಟ್ಟಿ. ಬರೀ ಫ್ಯಾನಿನ ಮೇಲೆ ಜಾಸ್ತಿ ಭರವಸೆ ಬೇಡ. 40 ಡಿಗ್ರಿ ಮೇಲೆ ಹೋದರೆ ಅದು ಬಿಸಿ ಗಾಳಿಯನ್ನೇ ಮೈಮೇಲೆ ಸುರಿಯುತ್ತದೆ. ಆಗ ಕತ್ತು, ಕೈಕಾಲಿಗೆ ಒದ್ದೆ ಬಟ್ಟೆ ಒರೆಸಿಕೊಂಡು ಕೂರಬೇಕು. ರಾತ್ರಿ ಮೇಲಿನ ಕೋಣೆಯಲ್ಲಿ ಟೇಬಲ್ ಫ್ಯಾನನ್ನು ಕಿಟಕಿಯಲ್ಲಿ ಹೊರಮುಖ ಮಾಡಿ ಇಟ್ಟು, ಎದುರು ಕಿಟಕಿ ತೆರೆದು ನೋಡಿ. ಒಳಗಿನ ಧಗೆ ಹೊರಗೆ ಹೋಗಿ, ಆ ಕಡೆಯಿಂದ ತಂಪು ಬರುತ್ತದೆ.

ಸಿಂಟೆಕ್ಸ್ ನೀರು ಮಧ್ಯಾಹ್ನ ಮುಟ್ಟುವ ಹಾಗಿರುವುದಿಲ್ಲ, ಅದರಲ್ಲೂ ಕಪ್ಪು ಟ್ಯಾಂಕು. ಬೆಳಿಗ್ಗೆಯೇ ಎರಡು ಬಕೆಟ್ ಹಿಡಿದು ಬಚ್ಚಲಲ್ಲಿ ಮುಚ್ಚಿಟ್ಟುಕೊಳ್ಳಿ.

ಅಡುಗೆ ಒಂಬತ್ತರೊಳಗೆ ಮುಗಿಯಬೇಕು. ಮುದ್ದೆ ತಿರುವುವವರು, ರೊಟ್ಟಿ ಬಡಿಯುವವರು ಒಲೆ ಮುಂದೆ ಎಷ್ಟು ಬೇಯುತ್ತಾರೆ ಅಂತ ಕೂತು ಉಣ್ಣುವವರಿಗೆ ಗೊತ್ತಾಗುವುದಿಲ್ಲ. ಸಂಜೆಗೆ ಒಲೆ ಜಾಸ್ತಿ ಹೊತ್ತಿಸದ ಹಾಗೆ ನೋಡಿಕೊಳ್ಳಿ. ನಮ್ಮೂರಲ್ಲಿ ಮಂಡಕ್ಕಿಗೆ ಬರವೇ? ನೆನೆಸಿ ಹಿಂಡಿ ಒಂದು ಒಗ್ಗರಣೆ ಕೊಟ್ಟರೆ ಹತ್ತು ನಿಮಿಷದ ಕೆಲಸ. ಜೊತೆಗೆ ಸೌತೆಕಾಯಿ ಕೋಸಂಬರಿ, ಮಜ್ಜಿಗೆ. ದೋಸೆ ಹಿಟ್ಟು ಈಗ ನಾಲ್ಕೈದು ಗಂಟೆಯಲ್ಲೇ ಉಬ್ಬಿಬಿಡುತ್ತದೆ. ರಾತ್ರಿ ಮಲಗುವ ಮುಂಚೆ ತಣ್ಣೀರಲ್ಲಿ ರುಬ್ಬಿ, ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಡಿ, ಬೆಳಿಗ್ಗೆ ಹದವಾಗಿರುತ್ತದೆ. ಹಪ್ಪಳ ಸಂಡಿಗೆ ಮಾಡುವವರು ಏಳು ಗಂಟೆಯೊಳಗೆ ಇಟ್ಟು ಕೆಳಗಿಳಿಯಿರಿ. ತೆಳು ಬಿಳಿ ಬಟ್ಟೆ ಮುಚ್ಚಿದರೆ ಕಾಗೆ ಕಾಯುವ ಕೆಲಸವೂ ಇಲ್ಲ. ಮಧ್ಯಾಹ್ನ ತಿರುವಿ ಹಾಕುತ್ತೇನೆ ಅಂತ ತಾರಸಿ ಹತ್ತಬೇಡಿ, ಐದರ ಮೇಲೆ ತೆಗೆದರಾಯಿತು.

ಕುಡಿಯುವುದರಲ್ಲಿ ಒಣ ಬಿಸಿಲು ಮೋಸ ಮಾಡುತ್ತದೆ. ಬೆವರು ಬಂದಿದ್ದೇ ಕಾಣುವುದಿಲ್ಲ, ಬಂದ ಹಾಗೆ ಆರಿರುತ್ತದೆ. ಬೆವರಿಲ್ಲ, ನೀರು ಯಾಕೆ ಅಂತ ಸುಮ್ನೆ ಕೂರಬೇಡಿ. ಮೂತ್ರ ಗಾಢ ಹಳದಿಗೆ ತಿರುಗಿದರೆ ನೀರು ಸಾಲದು ಅಂತಲೇ ಲೆಕ್ಕ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. “ನೀರು ಬೇಕಾ ಅತ್ತೆ?” ಅಂತ ಕೇಳಿದರೆ ಬೇಡ ಅನ್ನುತ್ತಾರೆ. ಕೇಳಬೇಡಿ, ಲೋಟ ಕೈಗೆ ಕೊಡಿ. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಉಪ್ಪು, ಶುಂಠಿ, ಕರಿಬೇವು ಹಾಕಿದ ನೀರು ಮಜ್ಜಿಗೆ, ಸಂಜೆ ಬೆಲ್ಲ ನಿಂಬೆಯ ಪಾನಕ. ರಾಮನವಮಿಗೆ ಮಾತ್ರ ಪಾನಕ ಅಂತ ಯಾರು ಹೇಳಿದರು? ಸಕ್ಕರೆ ಕಾಯಿಲೆಯವರು ಪಾನಕ ಬಿಟ್ಟು ಮಜ್ಜಿಗೆ ಕುಡಿಯಲಿ. ಹೃದಯ, ಕಿಡ್ನಿ ತೊಂದರೆ ಇರುವವರು, ನೀರಿಳಿಸುವ ಮಾತ್ರೆ ನುಂಗುವವರು ಎಷ್ಟು ನೀರು, ಎಷ್ಟು ಉಪ್ಪು ಅಂತ ಡಾಕ್ಟರನ್ನೇ ಕೇಳಬೇಕು. ವಾಂತಿ ಭೇದಿಯಾದರೆ ಓಆರ್‌ಎಸ್ ಪುಡಿ. ಅದು ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ತಲೆ ಮಟ್ಟ ಮಾಡಿ ಹಾಕಿ. ಉಪ್ಪು ಜಾಸ್ತಿ ಆಗಬಾರದು.

ಜೇಬಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ತಾಗುವುದಿಲ್ಲ ಅನ್ನುವವರು ಈಗಲೂ ಇದ್ದಾರೆ. ಈರುಳ್ಳಿ ಬೆಳೆಯುವ ಜಿಲ್ಲೆಯವರಾಗಿ ಇಟ್ಟುಕೊಳ್ಳಲಿ ಬಿಡಿ. ತಲೆ ಮೇಲೆ ಒದ್ದೆ ಟವೆಲ್ ಮಾತ್ರ ಮರೆಯದಿರಲಿ. ನಾಯಕನಹಟ್ಟಿ ಜಾತ್ರೆಗೆ ಹೋಗುವವರು ತೇರಿನ ಹೊತ್ತಿಗೆ ಮಕ್ಕಳನ್ನು ಜನದ ನಡುವೆ ನಿಲ್ಲಿಸಬೇಡಿ, ನೆರಳಿನ ಕಡೆ ಕೂರಿಸಿ. ಬೆಂಗಳೂರಿಂದ ನೆಂಟರು ಬಂದರೆ ದುರ್ಗದ ಕೋಟೆ ತೋರಿಸಲೇಬೇಕು, ಸರಿ. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಹತ್ತಿಸಿ. ಹನ್ನೊಂದರ ಮೇಲೆ ಆ ಬಂಡೆಗಳು ಕಾದ ಹೆಂಚು.

ಒಂದನ್ನು ಮಾತ್ರ ತಮಾಷೆ ಮಾಡಬೇಡಿ. ಬಿಸಿಲಲ್ಲಿದ್ದವರು ತೊದಲಿದರೆ, ಏನೇನೋ ಮಾತಾಡಿದರೆ, ತೂರಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲ ಹೊಡೆತ. ತಕ್ಷಣ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯಬೇಡಿ. ನೆರಳಿಗೆ ಎತ್ತಿ, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಿ. ಕತ್ತು, ಕಂಕುಳು, ತೊಡೆ ಸಂದಿಗೆ ಐಸ್ ಅಥವಾ ಒದ್ದೆ ಬಟ್ಟೆ ಇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಭರಣಿ ಮಳೆ ಒಂದೆರಡು ಬಿದ್ದ ಮೇಲೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಗಾಳಿಯಲ್ಲಿ ತೇವ ಬರುತ್ತದೆ, ನಮ್ಮೂರೂ ಕೆಲವು ದಿನ ಮಂಗಳೂರಾಗುತ್ತದೆ. ಆಗ ಕೂಲರ್ ಹಾಕಿದರೆ ಸೆಕೆಯೇ ಹೆಚ್ಚು. ನೀರು ಚೆಲ್ಲಿ, ಒಣಗಿಸಿ, ಅಟ್ಟಕ್ಕೆ ಹಾಕಿ. ಕಿಟಕಿಯ ಗೋಣಿಚೀಲ ಬಿಚ್ಚಿ, ಬರೀ ಫ್ಯಾನ್ ಹಾಕಿಕೊಳ್ಳಿ. ತಾರಸಿ ಮೇಲೆ ಬಿದ್ದ ತೆಂಗಿನ ಚಿಪ್ಪು, ಹಳೇ ಟೈರು ಎಲ್ಲ ಮಗುಚಿ ಹಾಕಿ ಇಳಿಯಿರಿ.