ಹೋಲ್ ಬ್ಲಡ್ಡಲ್ಲೇ ಎಲ್‌ಪಿಎಸ್ ಅಸ್ಸೇ: ನನ್ನ ಅನುಭವ

ಎಲ್‌ಪಿಎಸ್ ಅಂದ್ರೆ ಕೆಲವು ಬ್ಯಾಕ್ಟೀರಿಯಾಗಳ ಹೊರಪದರದ ವಿಷ, ಎಂಡೋಟಾಕ್ಸಿನ್ ಅಂತಾನೂ ಅಂತಾರೆ. ಅದನ್ನ ರಕ್ತಕ್ಕೆ ಹಾಕಿ, ಬಿಳಿ ರಕ್ತಕಣಗಳು ಟಿಎನ್‌ಎಫ್, ಐಎಲ್-6 ಅನ್ನೋ ಉರಿಯೂತದ ಪ್ರೋಟೀನ್ ಎಷ್ಟು ಬಿಡ್ತಾವೆ ಅಂತ ಅಳೆಯೋದೇ ಈ ಅಸ್ಸೇ. ಕೊನೆಗೂ ಬ್ಲಾಂಕ್ ವೆಲ್ಲು, ಅಂದ್ರೆ ಎಲ್‌ಪಿಎಸ್ ಹಾಕದ ಗುಳಿ, ಬ್ಲಾಂಕಾಗೇ ಬಂತು ಕಣ್ರಪ್ಪ, ಎಂಟು ತಿಂಗಳು ಹಿಡೀತು. ಫೈಕಾಲ್ ಗೀಕಾಲ್ ಹಾಕಿ ರಕ್ತಕಣ ಬೇರೆ ಮಾಡೋದು ಬೇಡ, ರಕ್ತಾನೇ ಆರ್‌ಪಿಎಮ್‌ಐ ಅನ್ನೋ ಕಲ್ಚರ್ ದ್ರಾವಣಕ್ಕೆ ಒಂದಕ್ಕೆ ನಾಲ್ಕು ಬೆರೆಸಿ ಎಲ್‌ಪಿಎಸ್ ಕೊಡ್ತೀನಿ ಅಂದಾಗ ನಮ್ಮ ಸೀನಿಯರ್ "ಅದು ಹುಳಿ ಇದ್ದಂಗೆ ಕಣಯ್ಯ, ಯಾವ ತರಕಾರಿ ರುಚಿ ಅಂತ ಹೆಂಗ್ ಹೇಳ್ತೀಯಾ" ಅಂತ ನಕ್ಕಿದ್ರು.

ಮೊದಲ ಮೂರು ಪ್ಲೇಟಲ್ಲಿ ನಗೋ ಹಾಗೇ ಆಯ್ತು. ಏನೂ ಹಾಕದ ವೆಲ್ಲಲ್ಲೂ ಐಎಲ್-6 ಗಾಢ ಹಳದಿ, ಎಲ್‌ಪಿಎಸ್ ಹಾಕಿದ್ದರಲ್ಲೂ ಅಷ್ಟೇ ಹಳದಿ (ಹಳದಿ ಗಾಢವಾದಷ್ಟೂ ಐಎಲ್-6 ಜಾಸ್ತಿ). ಇದನ್ನ ಅಳೆಯೋ ಎಲೈಸಾ ಕಿಟ್ಟು ಒಂದಕ್ಕೆ ಹತ್ತತ್ರ 45 ಸಾವಿರ, ಎರಡು ಕಿಟ್ಟು ಹೀಗೇ ನೀರಿಗೆ ಹೋಯ್ತು. ಡೋನರ್‌ಗೇ ಜ್ವರ ಇರ್ಬೇಕು ಅಂದ್ರು, ನನ್ನ ರಕ್ತಾನೇ ತೆಗ್ಸಿ ಹಾಕ್ದೆ, ಅದೂ ಹಳದಿ. ಆಮೇಲೆ ಬ್ಲಾಂಕಿಗೆ ಪಾಲಿಮಿಕ್ಸಿನ್ ಬಿ (ಎಲ್‌ಪಿಎಸ್‌ನ ಹಿಡಿದು ಕಟ್ಟಿಹಾಕೋ ಆ್ಯಂಟಿಬಯಾಟಿಕ್) ಹಾಕಿ ನೋಡಿದ್ರೆ ಐಎಲ್-6 ಮುಕ್ಕಾಲು ಪಾಲು ಇಳಿದೋಯ್ತು, ಅಂದ್ರೆ ಎಂಡೋಟಾಕ್ಸಿನ್ ಮೊದಲೇ ಒಳಗೆ ಕೂತಿತ್ತು. ಕಳ್ಳ ನಮ್ಮ ಗಾಜಿನ ಬಾಟ್ಲು! ಆಟೋಕ್ಲೇವಲ್ಲಿ ಬ್ಯಾಕ್ಟೀರಿಯಾ ಸಾಯುತ್ತೆ, ಎಲ್‌ಪಿಎಸ್ ಮಾತ್ರ 121 ಡಿಗ್ರಿಗೆಲ್ಲ ಜಗ್ಗಲ್ಲ. ಹಾಟ್ ಏರ್ ಓವನ್ನಲ್ಲಿ 250 ಡಿಗ್ರಿ, ಅರ್ಧ ಗಂಟೆ, ಅಲ್ಲಿಗೆ ಸರಿಹೋಯ್ತು. ಒಂದ್ಸಲ ಪ್ಲಾಸ್ಟಿಕ್ ಮುಚ್ಚಳ ತೆಗೆಯೋದು ಮರ್ತು ಇಡೀ ಫ್ಲೋರು ಹೊಗೆ, ಅದು ಬೇರೆ ಕಥೆ.

ರಕ್ತ ಹೆಪ್ಪುಗಟ್ಟದ ಹಾಗೆ ತಗೊಳ್ಳೋಕೆ ಇಡಿಟಿಎ ಟ್ಯೂಬ್ ಬೇಡ, ಕ್ಯಾಲ್ಸಿಯಂ ಹಿಡ್ಕೊಂಡು ರೆಸ್ಪಾನ್ಸ್ ಮಂಕಾಗುತ್ತೆ. ಹೆಪಾರಿನ್ ತಗೊಳ್ಳಿ, ಆದ್ರೆ ಲಾಟ್ ಬದಲಾದಾಗೆಲ್ಲ ಖಾಲಿ ಟ್ಯೂಬನ್ನೂ ಒಮ್ಮೆ ಟೆಸ್ಟ್ ಮಾಡಿ, ಅದರಲ್ಲೂ ಎಂಡೋಟಾಕ್ಸಿನ್ ಇರಬಹುದು. ರಕ್ತ ಎಳೆದ ಎರಡು ಗಂಟೆಯೊಳಗೆ ಪ್ಲೇಟಿಗೆ ಹಾಕ್ಬಿಡಿ. ಎಲ್‌ಪಿಎಸ್ ಟ್ಯೂಬಿನ ಗೋಡೆಗೆ ಅಂಟ್ಕೊಳ್ಳೋ ಜಾತಿ, ಪ್ರತಿ ಡೈಲ್ಯೂಶನ್ನಿಗೂ ಚೆನ್ನಾಗಿ ವೋರ್ಟೆಕ್ಸ್ (ಮೆಷೀನಲ್ಲಿ ಗಿರ್ರಂತ ಅಲ್ಲಾಡಿಸೋದು) ಮಾಡ್ಲೇಬೇಕು. ಅದಕ್ಕೂ ಮುಂಚೆ ನಾನು ಇನ್ನೊಂದು ಸಣ್ಣ ಕೆಲಸ ಮಾಡ್ತೀನಿ, ಪೇಪರ್ ಬರೋವರೆಗೂ ಬಾಯಿಬಿಡಲ್ಲ.

ಈಗ 1 ನ್ಯಾನೋಗ್ರಾಂ ಎಲ್‌ಪಿಎಸ್‌ಗೇ ಟಿಎನ್‌ಎಫ್ ಚೆನ್ನಾಗಿ ಏಳುತ್ತೆ, ಎಲ್‌ಪಿಎಸ್‌ನ ರಕ್ತಕಣಕ್ಕೆ ತಲುಪಿಸೋ ಎಲ್‌ಬಿಪಿ, ಸಿಡಿ14 ಪ್ರೋಟೀನೆಲ್ಲ ಪ್ಲಾಸ್ಮಾದಲ್ಲೇ ಇರುತ್ತಲ್ಲ. ಪಕ್ಕದ ಬೆಂಚಿನವರು ಸೀರಂ ಇಲ್ದೆ ಸೆಲ್ಸ್ ಬೇರೆ ಮಾಡಿ ನೂರರವರೆಗೂ ಹಾಕ್ತಿದ್ರು. ಟಿಎನ್‌ಎಫ್‌ಗೆ ನಾಲ್ಕರಿಂದ ಆರು ಗಂಟೆ, ಐಎಲ್-6ಗೆ ರಾತ್ರಿಯಿಡೀ ಬಿಡ್ತೀನಿ.

ಮಧ್ಯೆ ಚಪಲಕ್ಕೆ ಮನೆ ಅರಿಶಿನ ನೆನೆಸಿ ಸೋಸಿ ಹಾಕ್ದೆ. ಟಿಎನ್‌ಎಫ್ ಇಳಿಯುತ್ತೆ ಅಂದ್ಕೊಂಡ್ರೆ ಎಲ್‌ಪಿಎಸ್ ಇಲ್ದೇನೇ ಏರ್ತು, ಪುಡೀಲೇ ಎಂಡೋಟಾಕ್ಸಿನ್ ಇತ್ತು ಅನ್ಸುತ್ತೆ, ಪಾಲಿಮಿಕ್ಸಿನ್ ಹಾಕಿದ್ರೆ ಇಳೀತು.

ಬಗೆಹರಿಯದ್ದು ಒಂದೇ. ಆರು ಡೋನರಲ್ಲಿ ಒಬ್ಬರ ರೆಸ್ಪಾನ್ಸ್ ಮಾತ್ರ ಉಳಿದವರಿಗಿಂತ ಎಂಟ್ಹತ್ತು ಪಟ್ಟು, ಮೂರು ಸಲ ತೆಗೆದ್ರೂ ಅಷ್ಟೇ. ನೆಗಡಿ ಇತ್ತಾ, ನಿದ್ದೆ ಆಯ್ತಾ ಅಂತ ಕೇಳಿ ಕೇಳಿ ಈಗ ಅವ್ರು ಕಾರಿಡಾರಲ್ಲಿ ನನ್ನ ಕಂಡ್ರೆ ತೋಳು ಮುಚ್ಕೋತಾರೆ.