ಹುಲ್ಲುಕಡ್ಡಿ ಹಿಡಿದ ಮಗು: ಹದಿಹರೆಯದವರಿಗೆ ಡಿಸ್ಟೋಪಿಯಾ ಬರೆದ ನನ್ನ ಅನುಭವ

ಹದಿಹರೆಯದವರಿಗಾಗಿ ನಾನು ಬರೆದ ಡಿಸ್ಟೋಪಿಯನ್ ಕಾದಂಬರಿಯ, ಅಂದರೆ ಕೆಟ್ಟುಹೋದ ಕಾಲ್ಪನಿಕ ಸಮಾಜವೊಂದರ ಕಥೆಯ, ಮೊದಲ ಕರಡಿನಲ್ಲಿ ಕಥಾನಾಯಕಿ ಕಾಣಿಸಿಕೊಳ್ಳುವ ಹೊತ್ತಿಗೆ 40 ಪುಟಗಳು ಮುಗಿದಿದ್ದವು. ಆ ಪುಟಗಳಲ್ಲಿ ಒಂದು ಬರಗಾಲ, ಎರಡು ಯುದ್ಧ, ಬತ್ತಿಹೋದ ನದಿ, ಉಳಿದುಕೊಂಡ ಒಂದೇ ನಗರ, ಆ ನಗರವನ್ನು ಆಳುವ ಏಳು ಇಲಾಖೆಗಳು ಎಲ್ಲವೂ ಇದ್ದವು. ಜಗತ್ತು ಹೇಗೆ ಕುಸಿಯಿತೆಂಬುದನ್ನು ನಂಬುವಂತೆ ವಿವರಿಸಿದರೆ ಓದುವವರು ತಾವಾಗಿಯೇ ಕಥೆಯ ಒಳಗೆ ಬರುತ್ತಾರೆಂದು ನಾನು ತಿಳಿದಿದ್ದೆ. 13ರಿಂದ 17 ವರ್ಷದ ಏಳು ಮಂದಿಯನ್ನು ಕೂರಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿದಾಗ, 14 ವರ್ಷದ ಒಬ್ಬ ಹುಡುಗಿ ನಡುವೆ ತಡೆದು, “ಆ ಊರಿನಲ್ಲಿ ನನ್ನ ವಯಸ್ಸಿನವರು ಏನು ಮಾಡಬಾರದು ಅಂತ ಇದೆ?” ಎಂದು ಕೇಳಿದಳು. ಏಳು ಇಲಾಖೆಗಳನ್ನು ಕಟ್ಟಿದ್ದ ನನ್ನ ಬಳಿ ಆ ಒಂದು ಪ್ರಶ್ನೆಗೆ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ಬಗೆಯ ಹೆಸರಾಂತ ಕಾದಂಬರಿಗಳನ್ನು ಮತ್ತೊಮ್ಮೆ ಓದಲು ಕುಳಿತೆ. ಲೋಯಿಸ್ ಲೌರಿ ಅವರ 1993ರ ‘ದ ಗಿವರ್’ನಲ್ಲಿ ಮಕ್ಕಳಿಗೆ 12ರ ವಯಸ್ಸು ಬಂದಾಗ, ಅವರು ಬದುಕಿನಲ್ಲಿ ಮಾಡಬೇಕಾದ ಕೆಲಸವನ್ನು ಹಿರಿಯರೇ ಗೊತ್ತುಮಾಡುತ್ತಾರೆ. ಸ್ಕಾಟ್ ವೆಸ್ಟರ್‌ಫೆಲ್ಡ್ ಅವರ 2005ರ ‘ಅಗ್ಲೀಸ್’ನಲ್ಲಿ 16 ತುಂಬಿದವರಿಗೆ ಶಸ್ತ್ರಚಿಕಿತ್ಸೆ ಮಾಡಿ, ಸಮಾಜ ಒಪ್ಪಿದ ಅಚ್ಚಿನ ಚೆಲುವನ್ನು ಕೊಡಲಾಗುತ್ತದೆ. ವೆರೋನಿಕಾ ರಾತ್ ತಮ್ಮ 22ನೇ ವಯಸ್ಸಿನಲ್ಲಿ, 2011ರಲ್ಲಿ ಪ್ರಕಟಿಸಿದ ‘ಡೈವರ್ಜೆಂಟ್’ನಲ್ಲಿ 16ರ ಹರೆಯದವರು ಐದು ಬಣಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಆರಿಸಿದ್ದು ಹುಟ್ಟಿದ ಮನೆಯ ಬಣವಲ್ಲದಿದ್ದರೆ ಆ ಮನೆಯನ್ನು ಬಿಟ್ಟು ನಡೆಯಬೇಕು. ಮೊದಲ ಓದಿನಲ್ಲಿ ಇವೆಲ್ಲ ಕಥೆಯನ್ನು ಹೂಡುವ ಉಪಾಯಗಳಾಗಿ ಮಾತ್ರ ನನಗೆ ಕಂಡಿದ್ದವು. ಈ ಸಲ ಆ ವಯಸ್ಸಿನ ಅಂಕಿಯೇ ಕಥೆಯ ಜೀವವೆಂದು ತಿಳಿಯಿತು. ಒಂದು ದಿನಾಂಕ ಹತ್ತಿರವಾಗುತ್ತಿದೆ, ಅಂದು ಬೇರೆ ಯಾರೋ ನಿನ್ನನ್ನು ಅಳೆದು ನೀನು ಯಾರೆಂದು ಹೇಳುತ್ತಾರೆ, ಆಮೇಲೆ ಅದನ್ನು ಬದಲಿಸುವುದಕ್ಕಾಗುವುದಿಲ್ಲ ಎಂಬ ಭಯವನ್ನು ಆ ವಯಸ್ಸಿನವರಿಗೆ ಕಥೆ ಹೊಸದಾಗಿ ಕಲಿಸಬೇಕಾಗಿಲ್ಲ. ಪರೀಕ್ಷೆ, ಅಂಕಪಟ್ಟಿ, ಸಮವಸ್ತ್ರ, ಗಂಟೆ ಬಾರಿಸಿದಾಗ ಏಳುವುದು, ಮತ್ತೆ ಬಾರಿಸಿದಾಗ ಕೂರುವುದು, ಇವುಗಳ ನಡುವೆಯೇ ಅವರು ಬೆಳೆಯುತ್ತಾರೆ. ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1868ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಮಾತನಾಡುತ್ತ ಡಿಸ್ಟೋಪಿಯಾಕ್ಕೆ ಸಂಬಂಧಿಸಿದ ಪದವನ್ನು ಬಳಸಿದ್ದು, ಆಚರಣೆಗೆ ತರಲಾಗದಷ್ಟು ಕೆಟ್ಟದ್ದು ಎಂಬ ಅರ್ಥದಲ್ಲಿ. ನನ್ನ ಎದುರು ಕುಳಿತಿದ್ದ ಏಳು ಮಂದಿಗೆ ಅದು ಈಗಾಗಲೇ ಆಚರಣೆಯಲ್ಲಿರುವುದಕ್ಕಿಂತ ನಾಲ್ಕು ಹೆಜ್ಜೆ ಮುಂದಿನದು, ಅಷ್ಟೇ.

ಹೀಗಾಗಿ ಎರಡನೆಯ ಕರಡನ್ನು ಒಂದೇ ಒಂದು ಕಟ್ಟಳೆಯಿಂದ ಆರಂಭಿಸಿದೆ. ಮಗುವನ್ನು ಬೆಳೆಸಲು ನಗರ ಮಾಡಿದ ವೆಚ್ಚವೆಲ್ಲ ಆ ಮಗುವಿನ ಹೆಸರಿನ ಋಣಪುಸ್ತಕದಲ್ಲಿ ದಾಖಲಾಗುತ್ತದೆ. 15 ತುಂಬಿದ ದಿನ ಆ ಪುಸ್ತಕ ಅವರ ಕೈಗೆ ಬರುತ್ತದೆ. ಋಣ ತೀರುವವರೆಗೆ ನಗರ ಹೇಳಿದ ಕೆಲಸವನ್ನು ಮಾಡಬೇಕು. ‘ಋಣ’ ಎಂಬ ಪದವನ್ನು ನಾನು ಹುಡುಕಿ ತಂದದ್ದಲ್ಲ. ಅನ್ನದ ಋಣ, ಹೆತ್ತವರ ಋಣ, ಮಣ್ಣಿನ ಋಣ ಎಂದು ಕೃತಜ್ಞತೆಗೂ ಸಾಲಕ್ಕೂ ಒಂದೇ ಮಾತನ್ನು ಬಳಸುವ ನುಡಿಯಲ್ಲಿ ಬರೆಯುವವರಿಗೆ ಅದು ಕೈಗೆಟುಕುವಂತೆಯೇ ಇತ್ತು. ‘ನಿನಗಾಗಿ ಇಷ್ಟೆಲ್ಲ ಮಾಡಿದ್ದೇವೆ’ ಎಂಬ ಮಾತನ್ನು ಒಮ್ಮೆಯಾದರೂ ಕೇಳಿದವರಿಗೆ ಆ ಪುಸ್ತಕದ ಭಾರ ಎಷ್ಟೆಂದು ಹೇಳಬೇಕಾಗುವುದಿಲ್ಲ.

ಆ ಕಟ್ಟಳೆಯನ್ನು ಓದಿ ಮುಗಿಸುತ್ತಿದ್ದಂತೆ ಪ್ರಶ್ನೆಗಳು ಒಂದರ ಮೇಲೊಂದು ಬಂದವು. ಜ್ವರ ಬಂದರೆ ಅದನ್ನೂ ಬರೆಯುತ್ತಾರೆಯೇ? ಬರೆಯುವವರು ತಪ್ಪು ಬರೆದರೆ ಯಾರಿಗೆ ಹೇಳಬೇಕು? ಗೆಳತಿಯ ಪುಸ್ತಕವನ್ನು ನೋಡಬಹುದೇ? ತೀರಿಸುವ ಮೊದಲೇ ಸತ್ತರೆ ಅದು ತಮ್ಮನ ಹೆಸರಿಗೆ ಹೋಗುತ್ತದೆಯೇ? ನಾನು ಎಲ್ಲವನ್ನೂ ಬರೆದುಕೊಂಡೆ, ಅವುಗಳಲ್ಲಿ ಐದು ಪ್ರಶ್ನೆಗಳು ಮುಂದೆ ಒಂದೊಂದು ಅಧ್ಯಾಯವಾದವು. ಕುಸಿತದ ಚರಿತ್ರೆಗೆಂದು ಬರೆದಿದ್ದ 40 ಪುಟಗಳು ಮೂರು ವಾಕ್ಯಗಳಾಗಿ, ಅವೂ ಬೇರೆ ಬೇರೆ ಕಡೆ ಹಂಚಿಹೋದವು. ಅವುಗಳ ಬದಲು ಪುಸ್ತಕದ ನಮೂದುಗಳನ್ನೇ ಬರೆಯತೊಡಗಿದೆ: ಎರಡು ಲೋಟ ನೀರು, ಒಂದು ಜ್ವರದ ಮಾತ್ರೆ, ಅಳು ನಿಲ್ಲಿಸಲು ಕೊಟ್ಟ ಬೊಂಬೆ. ಇಡೀ ನಗರದ ಸ್ವಭಾವವನ್ನು ಬೊಂಬೆಯ ಆ ನಮೂದು ಹೇಳಿದಷ್ಟು ಚೆನ್ನಾಗಿ ನನ್ನ ಇಲಾಖೆಗಳ ವಿವರಣೆ ಹೇಳಿರಲಿಲ್ಲ.

ಅತಿ ಹೆಚ್ಚು ಕಾಲ ಹಿಡಿದದ್ದು ಆ ಪುಸ್ತಕಗಳನ್ನು ಬರೆಯುವ ಋಣಾಧಿಕಾರಿಯ ಪಾತ್ರ. ಆ ಪಾತ್ರದ ಮೊದಲೆರಡು ಕರಡುಗಳಲ್ಲಿ ಆಕೆ ಕ್ರೂರಿಯಾಗಿದ್ದಳು. ಮಕ್ಕಳನ್ನು ಹೆದರಿಸುತ್ತಿದ್ದಳು, ಲೆಕ್ಕಕ್ಕೆ ಸುಳ್ಳು ಸೇರಿಸುತ್ತಿದ್ದಳು. ಇಷ್ಟು ಕೆಟ್ಟವಳನ್ನು ಕಂಡರೆ ಸಿಟ್ಟು ಬರಲೇಬೇಕೆಂದು ನಾನು ಭಾವಿಸಿದ್ದರೆ, ಗುಂಪಿನಲ್ಲಿದ್ದ 16 ವರ್ಷದ ಹುಡುಗ, “ಅವಳು ಸೋಲುತ್ತಾಳೆ ಅಂತ ಗೊತ್ತು, ಅದಕ್ಕೆ ಕಾಯಬೇಕು ಅಷ್ಟೇ” ಎಂದುಬಿಟ್ಟ. ಅವನು ಹೇಳಿದ್ದು ಸರಿಯಾಗಿತ್ತು. ದಬ್ಬಾಳಿಕೆ ಮಾಡುವವರು ರಾಕ್ಷಸರೇ ಆಗಿಬಿಟ್ಟರೆ ಓದುವವರು ನಿರ್ಧರಿಸಬೇಕಾದದ್ದೇನೂ ಉಳಿಯುವುದಿಲ್ಲ. ಹದಿಹರೆಯದವರನ್ನು ಕಟ್ಟಿಹಾಕುವವರಲ್ಲಿ ಹೆಚ್ಚಿನವರು ಅವರನ್ನು ಪ್ರೀತಿಸುವವರೇ ಆಗಿರುತ್ತಾರೆ. ಅವರ ಕಟ್ಟಳೆಗಳಿಗೆ ಕಾರಣಗಳಿರುತ್ತವೆ, ಎಷ್ಟೋ ಸಲ ಅವು ಒಳ್ಳೆಯ ಕಾರಣಗಳೇ ಆಗಿರುತ್ತವೆ.

ಆಕೆಯನ್ನು ಮತ್ತೆ ಮೊದಲಿನಿಂದ ಕಟ್ಟಿದೆ. ಬರಗಾಲದ ವರ್ಷ ಆಕೆಯೂ ಹದಿನೈದರ ಹುಡುಗಿ. ಲೆಕ್ಕವೇ ಇಲ್ಲದಿದ್ದಾಗ ಬಲವಿದ್ದವರು ನೀರನ್ನೆಲ್ಲ ಕುಡಿದರು, ಆಕೆಯ ತಂಗಿ ಬಾಯಾರಿ ಸತ್ತಳು. ಆಮೇಲೆ ಲೋಟ ಲೋಟವನ್ನೂ ಬರೆದಿಟ್ಟು ಹಂಚಿದ್ದರಿಂದಲೇ ಉಳಿದವರು ಬದುಕಿದರು. ಲೆಕ್ಕವೆಂದರೆ ನ್ಯಾಯವೆಂದು ಆಕೆ ಮನಸಾರೆ ನಂಬಿದ್ದಾಳೆ, ನಾಯಕಿಗೆ ಅಕ್ಷರ ಕಲಿಸಿದವಳೂ ಆಕೆಯೇ. ಇದನ್ನು ಬರೆಯಲು ನನಗೆ ಎಂಟು ತಿಂಗಳು ಬೇಕಾಯಿತು, ಏಕೆಂದರೆ ಆಕೆಯ ವಾದಕ್ಕೆ ನಾನೇ ಅರ್ಧ ಒಪ್ಪುವವರೆಗೆ ಅವರಿಬ್ಬರ ಸಂಭಾಷಣೆಯನ್ನು ಮುಗಿಸಬಾರದೆಂದು ನಿಶ್ಚಯಿಸಿದ್ದೆ. ಆ ಅಧ್ಯಾಯವನ್ನು ಓದಿದ ದಿನ ಅದೇ ಹುಡುಗ, “ಆಕೆ ಹೇಳೋದು ಸರಿ ಅನ್ನಿಸುತ್ತೆ, ಅದಕ್ಕೇ ಸಿಟ್ಟು ಬರುತ್ತೆ” ಎಂದ. ನನ್ನ ಕಾದಂಬರಿಗೆ ಜೀವ ಬಂದದ್ದು ಅಂದು.

ಈ ಕಥೆಗಳ ಸೆಳೆತವನ್ನು ನನಗೆ ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು ಒಂದು ಹಳೆಯ ಕಥೆ. ಸುಸಾನ್ ಕಾಲಿನ್ಸ್ ತಮ್ಮ 2008ರ ‘ದ ಹಂಗರ್ ಗೇಮ್ಸ್’ಗೆ ಗ್ರೀಕ್ ಪುರಾಣದ ಥೀಸಿಯಸ್ ಕಥೆ ಒಂದು ಪ್ರೇರಣೆಯೆಂದು ಹೇಳಿದ್ದಾರೆ, ಅದರಲ್ಲಿ ಅಥೆನ್ಸ್ ನಗರ ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಕ್ರೀಟ್ ದ್ವೀಪದಲ್ಲಿದ್ದ, ಅರ್ಧ ಗೂಳಿ ಅರ್ಧ ಮನುಷ್ಯನಾದ ರಾಕ್ಷಸ ಮಿನೋಟಾರ್‌ಗೆ ಆಹಾರವಾಗಿ ಒಪ್ಪಿಸಬೇಕಿತ್ತು. ಟಿವಿಯಲ್ಲಿ ಚಾನೆಲ್ ಬದಲಿಸುತ್ತಿದ್ದಾಗ ರಿಯಾಲಿಟಿ ಶೋ ಮತ್ತು ಯುದ್ಧದ ದೃಶ್ಯಗಳು ಅವರ ಮನಸ್ಸಿನಲ್ಲಿ ಒಂದಾಗಿ ಬೆರೆತದ್ದು ಇನ್ನೊಂದು ಪ್ರೇರಣೆ. ಅದನ್ನು ಓದುವಾಗ ನನಗೆ ನೆನಪಾದದ್ದು ಮಹಾಭಾರತದ ಏಕಚಕ್ರ ನಗರ. ಸರದಿಯ ಪ್ರಕಾರ ಒಂದೊಂದು ಮನೆಯಿಂದ ಬಕಾಸುರನಿಗೆ ಬಂಡಿ ಅನ್ನದ ಜೊತೆಗೆ ಒಬ್ಬ ಮನುಷ್ಯನೂ ಹೋಗಬೇಕು. ಸರದಿ ಬಂದ ಮನೆಯಲ್ಲಿ ತಂದೆ, ತಾಯಿ, ಮಗಳು ಎಲ್ಲರೂ ನಾನು ಹೋಗುತ್ತೇನೆ, ನಾನು ಹೋಗುತ್ತೇನೆ ಎಂದು ಅಳುತ್ತಿರುವಾಗ, ಆ ಮನೆಯ ಪುಟ್ಟ ಮಗ ಹುಲ್ಲುಕಡ್ಡಿಯೊಂದನ್ನು ಎತ್ತಿ ಹಿಡಿದು, ಇದರಿಂದ ಆ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಅಷ್ಟು ದುಃಖದ ನಡುವೆಯೂ ಎಲ್ಲರಿಗೂ ನಗು ಬರುತ್ತದೆ. ಮುಂದೆ ಕುಂತಿ ಭೀಮನನ್ನು ಕಳುಹಿಸುತ್ತಾಳೆ, ಮಗು ಕಥೆಯಿಂದ ಮರೆಯಾಗುತ್ತದೆ.

ಹದಿಹರೆಯದವರ ಡಿಸ್ಟೋಪಿಯಾ ಹುಲ್ಲುಕಡ್ಡಿ ಹಿಡಿದ ಆ ಮಗುವಿನ ಹಿಂದೆ ಹೋಗುತ್ತದೆ. ಭೀಮ ಬರುವುದಿಲ್ಲ. ‘ದ ಹಂಗರ್ ಗೇಮ್ಸ್’ನಲ್ಲಿ, ಒಬ್ಬರೇ ಉಳಿಯುವವರೆಗೆ ಕಾದಾಡಲು 12 ಜಿಲ್ಲೆಗಳಿಂದ 24 ಮಕ್ಕಳನ್ನು ಆರಿಸುವ ದಿನ ತಂಗಿಯ ಹೆಸರು ಬಂದಾಗ 16 ವರ್ಷದ ಕ್ಯಾಟ್ನಿಸ್ ತಾನೇ ಮುಂದೆ ಬರುತ್ತಾಳೆ; ಅಲ್ಲಿ ಯಾರೂ ನಗುವುದಿಲ್ಲ. ಹದಿಹರೆಯದವರ ಆಗ್ರಹಗಳಿಗೆ ಹಿರಿಯರು ಕೊಡುವ ಸಾಮಾನ್ಯ ಉತ್ತರವೆಂದರೆ ಅಕ್ಕರೆಯ ಒಂದು ನಗು. ಆ ನಗುವಿಲ್ಲದೆ, ತಮ್ಮ ತೀರ್ಮಾನಕ್ಕೆ ತೂಕವಿರುವ, ತಪ್ಪಿದರೆ ಅದರ ಫಲವನ್ನೂ ತಾವೇ ಉಣ್ಣಬೇಕಾದ ಜಾಗವೊಂದು ಅವರಿಗೆ ಈ ಪುಸ್ತಕಗಳಲ್ಲಿ ಸಿಗುತ್ತದೆ. ಅವರು ಅಲ್ಲಿಗೆ ಹೋಗುವುದು ವಿನಾಶವನ್ನು ನೋಡುವುದಕ್ಕೆಂದು ನನಗೆ ಅನ್ನಿಸುವುದಿಲ್ಲ. ಇದು ತಿಳಿದ ಮೇಲೆ, ನನ್ನ ಕರಡಿನಲ್ಲಿ ಕಷ್ಟದ ಗಳಿಗೆಯಲ್ಲೆಲ್ಲ ಬಂದು ಕೈಹಿಡಿಯುತ್ತಿದ್ದ ಹಿರಿಯ ಬಂಡಾಯಗಾರನನ್ನು ಸಂಪೂರ್ಣವಾಗಿ ತೆಗೆದುಹಾಕಿದೆ. ಇಬ್ಬರು ಹುಡುಗರ ನಡುವೆ ತೂಗಾಡುವ ಪ್ರೇಮಪ್ರಸಂಗವೂ ಅವನ ಜೊತೆಗೇ ಹೋಯಿತು.

ನಿರೂಪಣೆಯನ್ನೂ ಬದಲಿಸಬೇಕಾಯಿತು. ‘ದ ಹಂಗರ್ ಗೇಮ್ಸ್’ ಮತ್ತು ‘ಡೈವರ್ಜೆಂಟ್’ ಎರಡೂ ‘ನಾನು’ ಎಂಬ ದನಿಯಲ್ಲಿ, ವರ್ತಮಾನಕಾಲದಲ್ಲಿ ಸಾಗುತ್ತವೆ. ನನ್ನದು ‘ಅವಳು’ ಎಂದು ಭೂತಕಾಲದಲ್ಲಿತ್ತು. ‘ಅವಳು ಬಾಗಿಲು ತೆರೆದಳು’ ಎಂದಾಗ, ಎಲ್ಲ ಮುಗಿದ ಮೇಲೆ ಯಾರೋ ಬದುಕುಳಿದು ಹೇಳುತ್ತಿದ್ದಾರೆಂಬ ಭರವಸೆ ವಾಕ್ಯದ ಒಳಗೇ ಸೇರಿಬಿಡುತ್ತದೆ. ‘ಬಾಗಿಲು ತೆರೆಯುತ್ತೇನೆ’ ಎಂದು ಬರೆದಾಗ ಆ ಬಾಗಿಲಿನ ಆಚೆ ಏನಿದೆಯೆಂಬುದು ಹೇಳುವವಳಿಗೂ ಗೊತ್ತಿರುವುದಿಲ್ಲ. ಆದರೆ ಕನ್ನಡದಲ್ಲಿ ‘ಉತ್ತೇನೆ, ಉತ್ತೇನೆ’ ಎಂದು ಪುಟಗಟ್ಟಲೆ ಮುಗಿಯುವ ಕ್ರಿಯಾಪದಗಳು ಕಿವಿಗೆ ಬಡಿಯುತ್ತವೆ. ಒಂದು ಅಧ್ಯಾಯವನ್ನು ನಾಲ್ಕು ಬಾರಿ ತಿದ್ದಿದ ಮೇಲೆ, ಕ್ರಿಯಾಪದವಿಲ್ಲದೆ ನಿಲ್ಲುವ ನಮ್ಮ ಸಹಜ ವಾಕ್ಯಗಳಿಗೆ ಮರಳಿದೆ. ‘ಬಾಗಿಲಾಚೆ ಕತ್ತಲು. ಕೈಯಲ್ಲಿ ಪುಸ್ತಕ. ತಮ್ಮನ ಉಸಿರು ಬೆನ್ನಿಗೆ.’ ಹೀಗೆ ಬರೆದಾಗ ಓಟವೂ ಉಳಿಯಿತು, ಕಿವಿಯ ಕಿರಿಕಿರಿಯೂ ತಪ್ಪಿತು.

ಇಷ್ಟು ಕತ್ತಲನ್ನು ಮಕ್ಕಳಿಗೆ ಕೊಡಬೇಕೇ ಎಂದು ಓದುಗರ ಹೆತ್ತವರಲ್ಲಿ ಇಬ್ಬರು ನನ್ನನ್ನು ಕೇಳಿದ್ದರು. ಆ ಆತಂಕವನ್ನು ನಾನು ಹಗುರವಾಗಿ ನೋಡಲಿಲ್ಲ. ಹಿಂಸೆಯ ವಿಷಯದಲ್ಲಿ ನಾನೇ ಒಂದು ನಿಯಮವನ್ನು ಹಾಕಿಕೊಂಡೆ: ಸತ್ತವರು ಯಾರೇ ಆಗಲಿ, ಅವರಿಗೊಂದು ಹೆಸರಿರಬೇಕು, ಅವರನ್ನು ಕಳೆದುಕೊಂಡವರೊಬ್ಬರು ಮುಂದಿನ ಪುಟಗಳಲ್ಲಿ ಇರಬೇಕು. ಹೀಗೆ ಮಾಡಿದಾಗ ಹನ್ನೊಂದು ಸಾವುಗಳು ಮೂರಕ್ಕೆ ಇಳಿದವು, ಉಳಿದ ಮೂರು ನಿಜವಾಗಿಯೂ ನೋಯಿಸಿದವು. ಆದರೆ ಕತ್ತಲನ್ನೇ ತೆಗೆಯಲು ನಾನು ಒಪ್ಪಲಿಲ್ಲ. ಯುವಜನರು ಇಂತಹ ಪುಸ್ತಕದಿಂದ ಹೊರಗೆ ತರುವುದು ಭಯವನ್ನು ಮಾತ್ರವೇ ಅಲ್ಲ. ಕಾಲಿನ್ಸ್ ಅವರ ಕಾದಂಬರಿಯಲ್ಲಿ ಮೂರು ಬೆರಳುಗಳನ್ನು ತುಟಿಗೆ ಮುಟ್ಟಿಸಿ ಮುಂದೆ ಚಾಚುವ ಸನ್ನೆಗೆ ಕೃತಜ್ಞತೆ, ಮೆಚ್ಚುಗೆ, ಪ್ರೀತಿಪಾತ್ರರಿಗೆ ಹೇಳುವ ವಿದಾಯ ಎಂಬ ಅರ್ಥಗಳಿವೆ. 2014ರಲ್ಲಿ ಥಾಯ್ಲೆಂಡ್‌ನಲ್ಲಿ ಸೇನೆ ಅಧಿಕಾರ ಹಿಡಿದಾಗ ಪ್ರತಿಭಟನಕಾರರು ಮೂರು ಬೆರಳುಗಳನ್ನೆತ್ತಿ ನಿಂತರು, ಹಾಗೆ ನಿಂತದ್ದಕ್ಕೆ ಕೆಲವರನ್ನು ವಶಕ್ಕೆ ಪಡೆಯಲಾಯಿತು. 2020ರ ವಿದ್ಯಾರ್ಥಿ ಚಳವಳಿಯಲ್ಲಿ ಅದು ಮತ್ತೆ ಕಾಣಿಸಿಕೊಂಡಿತು, 2021ರಲ್ಲಿ ಮ್ಯಾನ್ಮಾರ್‌ನ ಬೀದಿಗಳಿಗೂ ಬಂತು. ಕತೆಗಾರರೊಬ್ಬರು ಕಲ್ಪಿಸಿದ ಸನ್ನೆಯೊಂದು ಆ ಕೈಗಳಿಗೆ ಅಗತ್ಯವಾಗಿತ್ತು.

ಕೊನೆಯ ಅಧ್ಯಾಯವನ್ನು ಐದು ಬಾರಿ ಬರೆದಿದ್ದೇನೆ. ಜಾರ್ಜ್ ಆರ್ವೆಲ್ ಅವರ 1949ರ ಕಾದಂಬರಿ ‘ನೈಂಟೀನ್ ಎಯ್ಟಿ-ಫೋರ್’ ನಾಯಕನ ಸಂಪೂರ್ಣ ಸೋಲಿನಲ್ಲಿ ಮುಗಿಯುತ್ತದೆ. ‘ದ ಗಿವರ್’ ಮುಗಿಯುವಾಗ ಆ ಹುಡುಗ ಬದುಕಿದನೋ ಇಲ್ಲವೋ ಎಂಬುದನ್ನು ಓದುವವರಿಗೇ ಬಿಡುತ್ತದೆ. ನನ್ನ ಮೊದಲ ಮುಕ್ತಾಯದಲ್ಲಿ ನಾಯಕಿ ಋಣಪುಸ್ತಕಗಳನ್ನು ಇಟ್ಟಿದ್ದ ಋಣಾಲಯಕ್ಕೆ ಬೆಂಕಿಯಿಡುತ್ತಿದ್ದಳು, ನಗರ ಸಂಭ್ರಮಿಸುತ್ತಿತ್ತು. ಗುಂಪಿನಲ್ಲೇ ಅತಿ ಕಿರಿಯಳಾದ 13ರ ಹುಡುಗಿ, “ಮಾರನೇ ದಿನ ನೀರು ಯಾರು ಹಂಚುತ್ತಾರೆ?” ಎಂದು ಕೇಳಿದ ಮೇಲೆ ಅದನ್ನು ಉಳಿಸಿಕೊಳ್ಳುವುದು ಸಾಧ್ಯವಾಗಲಿಲ್ಲ. ಈಗಿನ ಮುಕ್ತಾಯದಲ್ಲಿ ನಾಯಕಿ ತನ್ನ 15ನೇ ಹುಟ್ಟುಹಬ್ಬದಂದು ಋಣಪುಸ್ತಕವನ್ನು ತೆಗೆದುಕೊಂಡು, ಎಲ್ಲರ ಎದುರು ಮೊದಲ ನಮೂದಿನಿಂದ ಗಟ್ಟಿಯಾಗಿ ಓದಲು ಆರಂಭಿಸುತ್ತಾಳೆ. ಬೊಂಬೆಯ ಸಾಲು ಬಂದಾಗ ಅದನ್ನು ತನ್ನ ಕೈಯಿಂದ ಬರೆದಿದ್ದ ಋಣಾಧಿಕಾರಿ ತಲೆಯೆತ್ತಿ ನೋಡುತ್ತಾಳೆ, ಕಾದಂಬರಿ ಅಲ್ಲಿಗೆ ನಿಲ್ಲುತ್ತದೆ. ಅದನ್ನು ಓದಿ ಮುಗಿಸಿ ಹಾಳೆಗಳನ್ನು ಮಡಿಸಿಟ್ಟ ಮೇಲೂ ಆ ಏಳು ಮಂದಿ ಎದ್ದು ಹೋಗಲಿಲ್ಲ. ಅವಳು ಋಣ ತೀರಿಸಬೇಕೆಂದು ಮೂವರು, ಬೇಡವೆಂದು ನಾಲ್ವರು ವಾದಿಸತೊಡಗಿದರು. ನನ್ನ ಅಭಿಪ್ರಾಯವನ್ನು ಅವರಲ್ಲಿ ಒಬ್ಬರೂ ಕೇಳಲಿಲ್ಲ.